‘ನಾರ್ಮಲ್’ ನಂಬರನ್ನ ತಯಾರಿಸಿದ ಕತೆ: ಹುಣಸೆ ಬೀಜದಿಂದ ಪೈಥಾನ್‌ವರೆಗೆ



ಇದು ಉದ್ದದ ಬರಹ. ಟೀ ಇಟ್ಕೊಂಡು ಓದಿ. ಪುರುಸೊತ್ತಿಲ್ಲ ಅಂದ್ರೆ ಸೇವ್ ಮಾಡ್ಕೊಂಡು ಭಾನುವಾರ ಓದಿ. ಆದ್ರೆ ಓದಿ.

ನಮ್ಮ ದೊಡ್ಡನೆಕ್ಕುಂದಿ ಸುತ್ತಮುತ್ತ, ಮಾರತ್ತಹಳ್ಳಿಯಿಂದ ಮಹದೇವಪುರದವರೆಗೆ, ಕಂಪನಿಗಳಲ್ಲಿ ಅಪ್ರೈಸಲ್ ಶುರುವಾಯ್ತು ಅಂದ್ರೆ ಒಂದು ಮಾತು ಓಡಾಡುತ್ತೆ: ಬೆಲ್ ಕರ್ವ್. ‘ಈ ಸಲ ಬೆಲ್ ಕರ್ವಲ್ಲಿ ಕೆಳಗೆ ಹಾಕ್ಬಿಟ್ರು ಅಣ್ಣ’ ಅಂತ ನಮ್ಮ ಹುಡುಗರು ಹೇಳ್ತಾರೆ. ಇದೇ ಮಾತು ಮೀಸಲಾತಿ ಚರ್ಚೆಯಲ್ಲೂ ಬರುತ್ತೆ. ‘ಪ್ರತಿಭೆಯನ್ನ ನಿಸರ್ಗವೇ ಬೆಲ್ ಕರ್ವ್ ಥರ ಹಂಚಿದೆ, ನೀವು ಯಾಕೆ ಅಡ್ಡ ಬರ್ತೀರಿ’ ಅಂತ ಇಂಗ್ಲಿಷ್ ಬಲ್ಲವರು ಕೇಳಿದಾಗ ನಮ್ಮವರು ಸುಮ್ಮನಾಗ್ತಾರೆ. ಗಣಿತ ಅಂದ್ರೆ ಯಾರಿಗೆ ತಾನೆ ಭಯ ಇಲ್ಲ?

ನಾನು ಬಿ.ಎ. ಓದಿದ ಗುಮಾಸ್ತ. ಆಫೀಸಲ್ಲಿ ಹಾಜರಿ, ಬಿಲ್ಲು, ಎಕ್ಸೆಲ್ ಶೀಟು ನನ್ನ ಕೆಲಸ. ನಮ್ಮ ಓಣಿಯ ಮಕ್ಕಳ ಭಾನುವಾರದ ಕಂಪ್ಯೂಟರ್ ಪಾಠದಲ್ಲಿ ಕೂತು ಒಂದಿಷ್ಟು ಪೈಥಾನ್ ಕಲಿತಿದ್ದೀನಿ. ಅಲ್ಲಿ ಗೊತ್ತಾದದ್ದು ಇದು: ಬೆಲ್ ಕರ್ವ್ ಪ್ರಕಾರ ಹರಡಿಕೊಳ್ಳೋ ನಂಬರುಗಳನ್ನ ಕಂಪ್ಯೂಟರಿನಲ್ಲಿ ಒಂದೇ ಸಾಲಿನಲ್ಲಿ ತಯಾರಿಸಬಹುದು. ತಯಾರಿಸೋದು ಹೇಗೆ ಅಂತ ಗೊತ್ತಾದ್ರೆ, ಅದು ಯಾವಾಗ ಬರುತ್ತೆ, ಯಾವಾಗ ಬರಲ್ಲ ಅನ್ನೋದೂ ಗೊತ್ತಾಗುತ್ತೆ. ಅಲ್ಲೇ ನಮಗೆ ಬೇಕಾದ ಉತ್ತರ ಇದೆ. ಅದಕ್ಕೇ ಈ ನಂಬರುಗಳ ಚರಿತ್ರೆ ಬರೀತಿದ್ದೀನಿ.

*ಮೊದಲು ಹುಣಸೆ ಬೀಜ*

ಚೌಕಾಬಾರ ಆಡಿದವರಿಗೆ ಇದು ಸುಲಭ. ಕವಡೆ ಕೊಳ್ಳೋಕೆ ಕಾಸಿಲ್ಲದ ಮನೆಗಳಲ್ಲಿ ಹುಣಸೆ ಬೀಜವನ್ನ ಕಲ್ಲಿಗೆ ಉಜ್ಜಿ ಒಂದು ಮುಖ ಬಿಳಿ ಮಾಡ್ಕೊಂಡು ಆಡ್ತಿದ್ರು. ನಾಲ್ಕು ಬೀಜ ಎಸೀರಿ. ಪ್ರತಿ ಬೀಜಕ್ಕೂ ಬಿಳಿ, ಕಪ್ಪು ಎರಡೂ ಸಮ ಅವಕಾಶ ಅಂತ ಇಟ್ಕೊಳ್ಳಿ. ಒಟ್ಟು 16 ರೀತಿಯಲ್ಲಿ ಬೀಳಬಹುದು. ನಾಲ್ಕೂ ಬಿಳಿ ಬೀಳೋದು ಒಂದೇ ರೀತಿ, ನಾಲ್ಕೂ ಕಪ್ಪು ಬೀಳೋದೂ ಒಂದೇ ರೀತಿ. ಒಂದು ಬಿಳಿ 4 ರೀತಿ, ಮೂರು ಬಿಳಿ 4 ರೀತಿ, ಎರಡು ಬಿಳಿ 6 ರೀತಿ. 1, 4, 6, 4, 1. ಮಧ್ಯ ಎತ್ತರ, ಎರಡು ಕಡೆ ಇಳಿಜಾರು. ಚೌಕ, ಬಾರ ಬಿದ್ದಾಗ ಯಾಕೆ ಕೂಗಾಡ್ತಿದ್ವಿ ಅಂತ ಈಗ ಗೊತ್ತಾಯ್ತಲ್ಲ.

ಬೀಜ ಹತ್ತು ಮಾಡಿ. 1,024 ರೀತಿ. ಹತ್ತೂ ಬಿಳಿ ಒಂದೇ ಸಲ, ಐದು ಬಿಳಿ 252 ಸಲ. ಬೀಜ ಜಾಸ್ತಿ ಮಾಡಿದಷ್ಟೂ ಮೆಟ್ಟಿಲುಗಳು ನುಣುಪಾಗಿ ಗಂಟೆಯ ಆಕಾರ ಬರುತ್ತೆ. ಇದನ್ನ 1733ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಅಬ್ರಹಾಂ ಡಿ ಮಾವ್ರ್, ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದು ಲಂಡನ್ನಿನಲ್ಲಿ ಪಾಠ ಹೇಳಿ ಬದುಕಿದವರು. ನಂತರ 1810ರಲ್ಲಿ ಲಾಪ್ಲಾಸ್ ಇದನ್ನ ಇನ್ನೂ ದೊಡ್ಡ ನಿಯಮವಾಗಿ ಹೇಳಿದರು: ಚಿಕ್ಕ ಚಿಕ್ಕ ಕಾರಣಗಳು ತುಂಬ ಇದ್ದು, ಒಂದರ ಹಂಗು ಇನ್ನೊಂದಕ್ಕೆ ಇಲ್ಲದೆ ಕೂಡಿಕೊಂಡರೆ ಮೊತ್ತ ಗಂಟೆಯ ಆಕಾರಕ್ಕೆ ಬರುತ್ತೆ.

ಈ ಸಾಲನ್ನ ಮರೀಬೇಡಿ. ಎರಡು ಷರತ್ತು ಇದೆ. ಒಂದು, ಯಾವ ಒಂದು ಕಾರಣವೂ ಮಿಕ್ಕೆಲ್ಲವನ್ನ ಮೀರಿಸುವಷ್ಟು ದೊಡ್ಡದಾಗಿರಬಾರದು. ಎರಡು, ಒಂದು ಬೀಜಕ್ಕೂ ಇನ್ನೊಂದು ಬೀಜಕ್ಕೂ ಗಂಟು ಹಾಕಿರಬಾರದು.

*ತಪ್ಪಿನ ರೇಖೆ ಮನುಷ್ಯನ ಮೇಲೆ ಬಂದದ್ದು*

1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ನೇರ ಗೆರೆಯನ್ನ 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಟಿಪ್ಪು ಸತ್ತು ಒಂದು ವರ್ಷ ಆಗಿತ್ತು. ಗೆದ್ದ ನೆಲವನ್ನ ಅಳೆಯೋ ಕೆಲಸ ಅದು. ಬಿಸಿಲಿಗೆ ಸರಪಳಿ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ, ಕಣ್ಣು ಒಂದು ಕೂದಲಷ್ಟು ತಪ್ಪುತ್ತೆ. ಎಷ್ಟು ಸಲ ಅಳೆದರೂ ಅಷ್ಟಷ್ಟು ವ್ಯತ್ಯಾಸ ಬರುತ್ತೆ. ನೆಲ ಅಳೆಯುವವರಿಗೂ ನಕ್ಷತ್ರ ನೋಡುವವರಿಗೂ ಇದೇ ತಲೆನೋವು. 1809ರಲ್ಲಿ ಜರ್ಮನಿಯ ಗಾಸ್, ಗ್ರಹಗಳ ದಾರಿಯ ಬಗ್ಗೆ ಬರೆದ ಪುಸ್ತಕದಲ್ಲಿ ಈ ಅಳತೆಯ ತಪ್ಪುಗಳು ಗಂಟೆಯ ಆಕಾರದಲ್ಲೇ ಹರಡುತ್ತವೆ ಅಂತ ಸೂತ್ರ ಕೊಟ್ಟ. ಅದೇ 1809ರಲ್ಲಿ ಬೆಂಗಳೂರಲ್ಲಿ ಬ್ರಿಟಿಷರ ದಂಡು, ಅಂದ್ರೆ ನಮ್ಮ ಕಂಟೋನ್ಮೆಂಟ್, ಹಲಸೂರಿನ ಕಡೆ ಬೀಡು ಬಿಟ್ಟಿತು.

ಅಲ್ಲಿವರೆಗೆ ಅದರ ಹೆಸರೇ ತಪ್ಪಿನ ನಿಯಮ. ತಪ್ಪು ಅಂದ್ರೆ ಸರಪಳಿಯ ತಪ್ಪು, ದುರ್ಬೀನಿನ ತಪ್ಪು. ಯಾವ ಮನುಷ್ಯನದೂ ಅಲ್ಲ.

ಮನುಷ್ಯರ ಮೇಲೆ ಅದನ್ನ ತಂದವರು ಬೆಲ್ಜಿಯಂನ ಕೆಟ್ಲೆ. 5,738 ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಯನ್ನ ಹರಡಿ ನೋಡಿ, ಅಲ್ಲೂ ಗಂಟೆಯೇ ಬಂತು ಅಂದರು. ಅದರಲ್ಲಿ ತಪ್ಪಿಲ್ಲ, ಎದೆಯ ಸುತ್ತಳತೆಗೂ ಸಾವಿರ ಸಣ್ಣ ಕಾರಣ ಇರುತ್ತೆ. ಆದ್ರೆ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಧ್ಯದಲ್ಲಿರೋ ‘ಸರಾಸರಿ ಮನುಷ್ಯ’ನೇ ನಿಸರ್ಗ ಗುರಿ ಇಟ್ಟ ಮನುಷ್ಯ ಅಂತ ಬಗೆದರು. ಹಾಗಾದ್ರೆ ಮಿಕ್ಕವರು? ನಿಸರ್ಗದ ಗುರಿ ತಪ್ಪಿದವರು! ಸರಪಳಿಯ ಮೇಲಿದ್ದ ತಪ್ಪು ಮನುಷ್ಯನ ಮೈಮೇಲೆ ಬಂದದ್ದು ಹೀಗೆ.

ಆಮೇಲೆ ಫ್ರಾನ್ಸಿಸ್ ಗಾಲ್ಟನ್. 1869ರ ‘ಹೆರೆಡಿಟರಿ ಜೀನಿಯಸ್’ ಪುಸ್ತಕದಲ್ಲಿ ಬುದ್ಧಿಯನ್ನೂ ಇದೇ ರೇಖೆಯ ಮೇಲೆ ಕೂರಿಸಿ, ಆಫ್ರಿಕಾದ ಕಪ್ಪು ಜನರನ್ನ ಇಂಗ್ಲಿಷರಿಗಿಂತ ಎರಡು ಮೆಟ್ಟಿಲು ಕೆಳಗಿಟ್ಟ. ಬುದ್ಧಿ ಅಳೆಯೋಕೆ ಅವನ ಹತ್ತಿರ ಯಾವ ಮಾಪನವೂ ಇರಲಿಲ್ಲ. ಹೆಸರು ಮಾಡಿದವರು ಯಾವ ಮನೆಗಳಿಂದ ಬಂದರು ಅಂತ ಎಣಿಸಿದ, ಅಷ್ಟೇ. 1883ರಲ್ಲಿ ‘ಯೂಜೆನಿಕ್ಸ್’ ಅನ್ನೋ ಪದ ಹುಟ್ಟಿಸಿದವನೂ ಇವನೇ. ಈ ರೇಖೆಗೆ ‘ನಾರ್ಮಲ್’ ಅನ್ನೋ ಹೆಸರು ರೂಢಿಗೆ ತಂದವರಲ್ಲೂ ಇವನೊಬ್ಬ.

ನಮ್ಮ ವಿಷಯಕ್ಕೆ ಇವನೇ ಯಾಕೆ ಮುಖ್ಯ ಅಂದ್ರೆ, ‘ನಾರ್ಮಲ್’ ನಂಬರನ್ನ ಬೇಕೆಂದಾಗ ತಯಾರಿಸೋ ಸಾಧನ ಮಾಡಿದ ಮೊದಲಿಗರಲ್ಲಿ ಇವನೊಬ್ಬ. 1890ರಲ್ಲಿ ಮಾಮೂಲಿ ಚುಕ್ಕಿಗಳ ಬದಲು ಗಂಟೆ ರೇಖೆಯಿಂದ ಲೆಕ್ಕ ಹಾಕಿದ ಸಂಖ್ಯೆಗಳನ್ನ ಬರೆದ ದಾಳಗಳನ್ನ ಮಾಡಿಸಿ, ಅದರ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದ. ದಾಳಕ್ಕೆ ಎಲ್ಲ ಮುಖಗಳೂ ಸಮ. ಗಂಟೆಯನ್ನ ಅದರ ಮೇಲೆ ಬರೆದವನು ಗಾಲ್ಟನ್. ತಯಾರಿಕೆ ಅಂತ ನಾನು ಹೇಳ್ತಿರೋದು ಇದನ್ನೇ.

*ಮೂರು ಸಾವಿರ ಕೈದಿಗಳ ಬೆರಳು*

1908ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದ ಗಾಸೆಟ್ ಅನ್ನೋರಿಗೆ ಒಂದು ಪ್ರಶ್ನೆ ಇತ್ತು: ನಾಲ್ಕೇ ನಾಲ್ಕು ಸ್ಯಾಂಪಲ್ ನೋಡಿ ಎಷ್ಟರ ಮಟ್ಟಿಗೆ ತೀರ್ಮಾನ ಹೇಳಬಹುದು? ಸೂತ್ರ ಬರೆದರು. ಪರೀಕ್ಷೆ ಮಾಡೋಕೆ ‘ನಾರ್ಮಲ್’ ಆಗಿ ಹರಡಿದ ಸಾವಿರಾರು ನಂಬರು ಬೇಕು. ಎಲ್ಲಿಂದ ತರೋದು? 3,000 ಅಪರಾಧಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದವನ್ನ ಅಳೆದಿಟ್ಟ ಪಟ್ಟಿಯೊಂದು ಆಗಲೇ ಅಚ್ಚಾಗಿತ್ತು. ಆ ಅಳತೆಗಳನ್ನ 3,000 ಕಾರ್ಡುಗಳ ಮೇಲೆ ಬರೆದು, ಇಸ್ಪೀಟ್ ಎಲೆ ಥರ ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದರು. ಇವತ್ತು ಪ್ರಪಂಚದ ಎಲ್ಲ ಕಾಲೇಜುಗಳಲ್ಲಿ ಕಲಿಸೋ ‘ಸ್ಟೂಡೆಂಟ್ಸ್ ಟಿ ಟೆಸ್ಟ್’ ಹೀಗೆ ಪರೀಕ್ಷೆಯಾಯ್ತು.

ಗಾಸೆಟ್ ಕೆಟ್ಟ ಉದ್ದೇಶದಿಂದ ಮಾಡಲಿಲ್ಲ. ಆದ್ರೆ ಗಮನಿಸಿ: ಅಳತೆಗೆ ಸಲೀಸಾಗಿ ಸಿಗೋ ಮೈ ಯಾರದು? ಜೈಲಿನಲ್ಲಿರೋರದು, ದಂಡಿನಲ್ಲಿರೋರದು. ಬೇಡ ಅಂತ ಹೇಳೋ ಹಕ್ಕು ಇಲ್ಲದವರದು. ಇಲ್ಲಿ ನಮ್ಮ ದೇಶದಲ್ಲಿ 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಬಂದು ಹುಟ್ಟಿನಿಂದಲೇ ಅಪರಾಧಿ ಅಂತ ಇಡೀ ಸಮುದಾಯಗಳನ್ನ ರಿಜಿಸ್ಟರಿನಲ್ಲಿ ಬರೆದಿದ್ದ ಕಾಲ ಅದು. ಆ ಹಣೆಪಟ್ಟಿ ಹೋಗಿದ್ದು 1952ರಲ್ಲಿ.

*ಮೂಗಿನ ಅಳತೆಯಿಂದ ಕಲ್ಕತ್ತಾದ ಟೇಬಲ್‌ವರೆಗೆ*

ಭಾರತದಲ್ಲಿ ಅಳತೆಯ ಹುಚ್ಚು ಹತ್ತಿದ್ದು ಹರ್ಬರ್ಟ್ ರಿಸ್ಲೆಗೆ. ಬಂಗಾಳದಲ್ಲಿ ಜಾತಿ ಜಾತಿಯವರ ಮೂಗಿನ ಅಗಲ, ಉದ್ದ ಅಳೆದು, ಮೂಗು ಅಗಲ ಆದಷ್ಟೂ ಜಾತಿ ಕೆಳಗೆ ಅಂತ ಸಿದ್ಧಾಂತ ಹೇಳಿದ. 1901ರ ಜನಗಣತಿಗೆ ಅವನೇ ಕಮಿಷನರ್. ದಕ್ಷಿಣದಲ್ಲಿ ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಅದೇ ಅಳತೆ ಕೆಲಸ ಮಾಡಿ 1909ರಲ್ಲಿ ಏಳು ಸಂಪುಟ ಅಚ್ಚು ಮಾಡಿಸಿದ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ, ದಕ್ಷಿಣ ಕನ್ನಡದ ನಮ್ಮ ಜನರೂ ಆ ಸಂಪುಟಗಳಲ್ಲಿ ಇದ್ದಾರೆ.

ಈ ಜಾತಿ ಅಳತೆಗಳ ಮೇಲೆ ಲೆಕ್ಕ ಕೂತು ಮಾಡಿದವರು ಕಲ್ಕತ್ತಾದ ಪ್ರಶಾಂತಚಂದ್ರ ಮಹಲನೋಬಿಸ್. ಪ್ರೆಸಿಡೆನ್ಸಿ ಕಾಲೇಜಿನ ಫಿಸಿಕ್ಸ್ ಮೇಷ್ಟ್ರು. 1922ರಲ್ಲಿ ಕಲ್ಕತ್ತಾದ ಆಂಗ್ಲೋ ಇಂಡಿಯನ್ನರ ಎತ್ತರದ ಮೇಲೆ ಬರೆದರು, ಆಮೇಲೆ ರಿಸ್ಲೆಯ ಅಂಕಿಗಳನ್ನೇ ಎತ್ತಿಕೊಂಡು ಬಂಗಾಳದ ಜಾತಿಗಳ ಮೇಲೆ ಬರೆದರು. 1931ರ ಡಿಸೆಂಬರಿನಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದರು, 1933ರಲ್ಲಿ ‘ಸಂಖ್ಯಾ’ ಪತ್ರಿಕೆ ಶುರು ಮಾಡಿದರು. ಅದೇ ಇನ್‌ಸ್ಟಿಟ್ಯೂಟಿನ ಒಂದು ಕೇಂದ್ರ ಇವತ್ತು ನಮ್ಮ ಮೈಸೂರು ರಸ್ತೆಯಲ್ಲಿದೆ.

1934ರ ‘ಸಂಖ್ಯಾ’ದಲ್ಲಿ ಮಹಲನೋಬಿಸ್ ಮತ್ತು ಅವರ ಸಹೋದ್ಯೋಗಿಗಳು ಒಂದು ಟೇಬಲ್ ಅಚ್ಚು ಹಾಕಿದರು. ‘ನಾರ್ಮಲ್’ ಸಮೂಹದಿಂದ ತೆಗೆದ ರ‍್ಯಾಂಡಮ್ ಸ್ಯಾಂಪಲ್‌ಗಳ ಟೇಬಲ್. ಪುಟಗಟ್ಟಲೆ ಬರೀ ನಂಬರು. ನಮ್ಮ ದೇಶದಲ್ಲಿ ‘ನಾರ್ಮಲ್’ ನಂಬರುಗಳನ್ನ ತಯಾರು ಮಾಡಿ ಇಟ್ಟ ದೊಡ್ಡ ಕೆಲಸ ಅದು.

ಹೇಗೆ ಮಾಡಿದರು? ಕಚ್ಚಾ ಮಾಲು ಇಂಗ್ಲೆಂಡಿನಿಂದ. 1927ರಲ್ಲಿ ಟಿಪೆಟ್ ಅನ್ನೋರು ಜನಗಣತಿ ವರದಿಗಳಿಂದ 41,600 ಅಂಕಿಗಳನ್ನ ಕಿತ್ತು, ನಾಲ್ಕು ನಾಲ್ಕು ಅಂಕಿಯ 10,400 ಸಂಖ್ಯೆಗಳಾಗಿ ಪುಸ್ತಕ ಮಾಡಿದ್ದರು. ಅದರಲ್ಲಿ 0ಯಿಂದ 9ರವರೆಗೆ ಎಲ್ಲ ಅಂಕಿಗೂ ಸಮಪಾಲು, ಹತ್ತರಲ್ಲಿ ಒಂದು. ಕಲ್ಕತ್ತಾದವರು ಈ ಸಮಪಾಲಿನ ನಂಬರುಗಳನ್ನ ಗಂಟೆಯ ಆಕಾರಕ್ಕೆ ಬದಲಾಯಿಸಿದರು.

ಇಂಥ ಬದಲಾವಣೆಯ ಉಪಾಯ ನಮ್ಮಂಥ ಗುಮಾಸ್ತರಿಗೆ ಅರ್ಥವಾಗೋ ಹಾಗೇ ಇದೆ. 5000 ಬಂತು ಅನ್ನಿ. ಅದನ್ನ 0.5 ಅಂತ ಓದಿ. ಅಂದ್ರೆ ಅರ್ಧ ಜನ ಇವನಿಗಿಂತ ಕೆಳಗೆ. ಗಂಟೆಯಲ್ಲಿ ಅರ್ಧ ಜನ ಕೆಳಗಿರೋ ಜಾಗ ನಟ್ಟನಡುವೆ, ಆದ್ದರಿಂದ 0 ಅಂತ ಬರೀರಿ. 8413 ಬಂತು, ಅಂದ್ರೆ ಶೇಕಡ 84 ಜನ ಕೆಳಗೆ. ಗಂಟೆಯಲ್ಲಿ ಅದು ನಡುವಿನಿಂದ ಒಂದು ಹೆಜ್ಜೆ ಮೇಲೆ, +1 ಬರೀರಿ. 0228 ಬಂತು, ಅದು ಎರಡು ಹೆಜ್ಜೆ ಕೆಳಗೆ, -2 ಬರೀರಿ. ಹೀಗೆ ಒಂದೊಂದೇ ನಂಬರನ್ನ ಟೇಬಲ್ ನೋಡಿ ಬದಲಾಯಿಸ್ತಾ ಹೋಗೋದು. ಆ ಕಾಲದಲ್ಲಿ ‘ಕಂಪ್ಯೂಟರ್’ ಅಂದ್ರೆ ಯಂತ್ರ ಅಲ್ಲ, ಕೂತು ಲೆಕ್ಕ ಮಾಡೋ ಮನುಷ್ಯ. ಇವತ್ತು ಎಕ್ಸೆಲ್‌ನಲ್ಲಿ ‘ರ‍್ಯಾಂಡ್’ ಮತ್ತು ‘ನಾರ್ಮ್ ಇನ್ವ್’ ಅನ್ನೋ ಎರಡು ಫಂಕ್ಷನ್ ಸೇರಿಸಿದರೆ ಅದೇ ಕೆಲಸ ಕಣ್ಣು ಮಿಟುಕಿಸೋದರಲ್ಲಿ ಆಗುತ್ತೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ಗಂಟೆ ಬೇಕು ಅಂದ್ರೆ ಮೊದಲು ಸಮಪಾಲು ಬೇಕಾಯ್ತು. 0ಗೂ 9ಕ್ಕೂ ಒಂದೇ ಅವಕಾಶ ಇಲ್ಲದ ಪಟ್ಟಿಯಿಂದ ಹೊರಟಿದ್ರೆ ಆ ಟೇಬಲ್ಲೇ ಸುಳ್ಳಾಗುತ್ತಿತ್ತು.

ರ‍್ಯಾಂಡಮ್ ನಂಬರು ಬರೀ ಪುಸ್ತಕದ ಆಟವಾಗಿ ಉಳಿಯಲಿಲ್ಲ. 1937ರಿಂದ ಬಂಗಾಳದಲ್ಲಿ ಎಷ್ಟು ಎಕರೆ ಸೆಣಬು ಬೆಳೆದಿದೆ ಅಂತ ತಿಳಿಯೋಕೆ ಮಹಲನೋಬಿಸ್ ಮಾಡಿದ ಸರ್ವೆಯಲ್ಲಿ, ಯಾವ ಜಾಗ ನೋಡಬೇಕು ಅನ್ನೋದನ್ನ ರ‍್ಯಾಂಡಮ್ ನಂಬರೇ ಹೇಳ್ತಿತ್ತು. ಸರ್ವೆಗೆ ಹೋದವನು ರಸ್ತೆ ಪಕ್ಕದ ಗದ್ದೆ ನೋಡಿ, ಊರ ದೊಡ್ಡ ಮನೆಯಲ್ಲಿ ಊಟ ಮಾಡಿ ವಾಪಸ್ ಬರೋ ಹಾಗಿಲ್ಲ. ನಂಬರು ಕೇರಿಯಾಚೆ ಇರೋ ಹೊಲ ತೋರಿಸಿದರೆ ಅಲ್ಲಿಗೇ ಹೋಗಬೇಕು. ಕೇರಿಯಲ್ಲಿ ಬೆಳೆದವರಿಗೆ ಇದರ ಬೆಲೆ ಗೊತ್ತು. ಆಯ್ಕೆಯನ್ನ ಅಧಿಕಾರಿಯ ಇಷ್ಟಕ್ಕೆ ಬಿಟ್ಟಾಗ ಆತನ ಕಾಲು ಯಾವ ಕಡೆ ಹೋಗುತ್ತೆ ಅಂತ ನೋಡಿದ್ದೀವಲ್ಲ.

*ಹಡಗಲಿಯ ಹುಡುಗ, ಮತ್ತು ಬಾಬಾಸಾಹೇಬರು*

ಈ ಕತೆಯಲ್ಲಿ ನಮ್ಮ ನೆಲದ ಒಂದು ದೊಡ್ಡ ಹೆಸರಿದೆ. ಸಿ.ಆರ್. ರಾವ್. 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಹುಟ್ಟಿದ ತೆಲುಗು ಮನೆತನದವರು. 1941ರಲ್ಲಿ ಕಲ್ಕತ್ತಾದ ಇನ್‌ಸ್ಟಿಟ್ಯೂಟ್ ಸೇರಿ, ಮುಂದೆ ಪ್ರಪಂಚದ ಅತಿ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು. 2023ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಮಹಲನೋಬಿಸ್, ಮಾನವಶಾಸ್ತ್ರಜ್ಞ ಡಿ.ಎನ್. ಮಜುಮ್‌ದಾರ್ ಜೊತೆ ಸೇರಿ, 1941ರಲ್ಲಿ ಯುನೈಟೆಡ್ ಪ್ರಾವಿನ್ಸಸ್‌ನಲ್ಲಿ ಜಾತಿವಾರು ತೆಗೆದ ಮೈ ಅಳತೆಗಳ ಲೆಕ್ಕವನ್ನ 1949ರ ‘ಸಂಖ್ಯಾ’ದಲ್ಲಿ ಪ್ರಕಟಿಸಿದರು.

ಅದಕ್ಕೆ ಬಳಸಿದ್ದು ಮಹಲನೋಬಿಸ್ 1936ರಲ್ಲಿ ಬಿಡಿಸಿ ಹೇಳಿದ್ದ ಡಿ-ಸ್ಕ್ವೇರ್ ಅನ್ನೋ ಅಳತೆ. ತಿರುಳು ಇಷ್ಟು: ಎರಡು ಗುಂಪಿನ ಸರಾಸರಿ ನಡುವೆ ವ್ಯತ್ಯಾಸ ಇದೆ ಅಂತ ಹೇಳಿದರೆ ಸಾಲದು. ಒಂದೊಂದು ಗುಂಪಿನ ಒಳಗೇ ಜನ ಎಷ್ಟು ಹರಡಿಕೊಂಡಿದ್ದಾರೆ ನೋಡಿ, ಆ ಹರಡುವಿಕೆಯನ್ನೇ ಅಳತೆಗೋಲು ಮಾಡಿ ದೂರ ಅಳೀಬೇಕು. ಒಂದು ಜಾತಿಯ ಸರಾಸರಿ ಎತ್ತರ ಇನ್ನೊಂದಕ್ಕಿಂತ ಒಂದು ಸೆಂಟಿಮೀಟರ್ ಜಾಸ್ತಿ ಇದ್ದು, ಪ್ರತಿ ಜಾತಿಯ ಒಳಗೆ ಹದಿನೈದು ಇಪ್ಪತ್ತು ಸೆಂಟಿಮೀಟರ್ ಏರುಪೇರು ಇದ್ರೆ, ಎರಡು ಗಂಟೆಗಳೂ ಒಂದರ ಮೇಲೊಂದು ಕೂತುಬಿಡ್ತವೆ. ಎದುರಿಗೆ ನಿಂತ ಒಬ್ಬನ ಎತ್ತರ ನೋಡಿ ಜಾತಿ ಹೇಳೋಕೆ ಆಗಲ್ಲ. ರಿಸ್ಲೆ ಸರಾಸರಿಯನ್ನ ಮಾತ್ರ ಸಾಲಾಗಿ ನಿಲ್ಲಿಸಿದ. ಒಳಗಿನ ಹರಡುವಿಕೆ ಮರೆಯಾಯ್ತು.

ಆ ಅಂಕಿಗಳನ್ನ ತಿರುಗಿಸಿ ಹೊಡೆದವರು ಬಾಬಾಸಾಹೇಬರು. 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ, ಅಸ್ಪೃಶ್ಯರು ಬೇರೆ ಜನಾಂಗದವರು ಅನ್ನೋ ವಾದವನ್ನ ಎದುರಿಸೋಕೆ ಅವರು ಭಾಷಣ ಮಾಡಲಿಲ್ಲ. ಅಚ್ಚಾಗಿದ್ದ ಮೂಗಿನ ಅಳತೆಗಳನ್ನೇ ತಂದು, ಪ್ರಾಂತ್ಯ ಪ್ರಾಂತ್ಯವಾಗಿ ಬ್ರಾಹ್ಮಣರ ಪಕ್ಕ ಅಸ್ಪೃಶ್ಯರ ಅಂಕಿ ಇಟ್ಟರು. ಈ ಅಳತೆ ನಿಜವಾದ ಶಾಸ್ತ್ರವೇ ಆಗಿದ್ರೆ ಇಬ್ಬರೂ ಒಂದೇ ಜನಾಂಗ ಅಂತ ಒಪ್ಪಿಕೊಳ್ಳಿ, ಅನ್ನೋದು ಅವರ ತೀರ್ಮಾನ. ನಮ್ಮನ್ನ ಅಳೆದ ಅಳತೆಗೋಲನ್ನ ಕಿತ್ತುಕೊಂಡು ಅದರಿಂದಲೇ ಲೆಕ್ಕ ತೋರಿಸೋದು ಅಂದ್ರೆ ಇದು. ನಾವೂ ಅದನ್ನೇ ಮಾಡಬೇಕು.

*ಯಂತ್ರ ಬಂತು*

1955ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಹತ್ತು ಲಕ್ಷ ರ‍್ಯಾಂಡಮ್ ಅಂಕಿಗಳು ಮತ್ತು ಒಂದು ಲಕ್ಷ ‘ನಾರ್ಮಲ್’ ನಂಬರುಗಳ ಪುಸ್ತಕ ತಂದಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1956ರಲ್ಲಿ, ಕಲ್ಕತ್ತಾದ ಇನ್‌ಸ್ಟಿಟ್ಯೂಟಿಗೆ ಬ್ರಿಟನ್ನಿನಿಂದ ಕಂಪ್ಯೂಟರ್ ಬಂತು, ಭಾರತದ ಮೊದಲ ಡಿಜಿಟಲ್ ಕಂಪ್ಯೂಟರ್. ಯಂತ್ರಕ್ಕೆ ಪುಸ್ತಕ ಓದಿಸೋದಕ್ಕಿಂತ ಅದರ ಹೊಟ್ಟೆಯಲ್ಲೇ ನಂಬರು ಹುಟ್ಟಿಸೋದು ಮೇಲು. ಒಂದು ಸುಲಭ ದಾರಿ: 0ಯಿಂದ 1ರೊಳಗಿನ ಸಮಪಾಲಿನ ನಂಬರು 12 ತಗೊಂಡು ಕೂಡಿಸಿ, 6 ಕಳೆಯೋದು. ನಮ್ಮ ಹುಣಸೆ ಬೀಜದ ಆಟವೇ ಇದು. ಮಧ್ಯ ಸರಿಯಾಗಿ ಬರುತ್ತೆ, ಆದ್ರೆ ತುದಿಗಳಲ್ಲಿ ಸೋಲುತ್ತೆ. +6 ದಾಟಿ ಇದು ಹೋಗೋದೇ ಇಲ್ಲ.

1958ರಲ್ಲಿ ಜಾರ್ಜ್ ಬಾಕ್ಸ್ ಮತ್ತು ಮರ್ವಿನ್ ಮುಲ್ಲರ್ ತುದಿಯೂ ಸರಿ ಬರೋ ಉಪಾಯ ಕೊಟ್ಟರು. ದೊಡ್ಡನೆಕ್ಕುಂದಿ ಕೆರೆ ಏರಿ ಮೇಲೆ ಒಬ್ಬ ನಿಂತಿದ್ದಾನೆ ಅಂದ್ಕೊಳ್ಳಿ. ಸಮಪಾಲಿನ ಎರಡು ನಂಬರು ಅವನ ಕೈಲಿದೆ. ಒಂದನ್ನ 360 ಡಿಗ್ರಿಯಿಂದ ಗುಣಿಸಿದರೆ ಯಾವ ದಿಕ್ಕಿಗೆ ತಿರುಗಬೇಕು ಅಂತ ಸಿಗುತ್ತೆ. ಇನ್ನೊಂದರ ಲಾಗರಿತಮ್ ತಗೊಂಡು, -2ರಿಂದ ಗುಣಿಸಿ, ವರ್ಗಮೂಲ ಮಾಡಿದರೆ ಎಷ್ಟು ದೂರ ಹೋಗಬೇಕು ಅಂತ ಸಿಗುತ್ತೆ. ಹೋಗಿ ನಿಂತ ಮೇಲೆ, ಹೊರಟ ಜಾಗದಿಂದ ಪೂರ್ವಕ್ಕೆ ಎಷ್ಟು ಬಂದ, ಉತ್ತರಕ್ಕೆ ಎಷ್ಟು ಬಂದ ಅಂತ ನೋಡಿ (ಪಶ್ಚಿಮ, ದಕ್ಷಿಣ ಆದ್ರೆ ಮೈನಸ್). ಆ ಎರಡೂ ‘ನಾರ್ಮಲ್’ ನಂಬರು. ಇಲ್ಲೂ ಹೊರಟಿದ್ದು ಸಮಪಾಲಿನಿಂದಲೇ, ಎಲ್ಲ ದಿಕ್ಕಿಗೂ ಒಂದೇ ಅವಕಾಶದಿಂದಲೇ.

ಇವತ್ತಿನ ಸ್ಕ್ರಿಪ್ಟಿಂಗ್ ಭಾಷೆಗಳ ಹಿಂದೆ ಇದೇ ಚರಿತ್ರೆ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ ‘ಮ್ಯಾತ್ ಡಾಟ್ ರ‍್ಯಾಂಡಮ್’ ಸಮಪಾಲಿನ ನಂಬರು ಮಾತ್ರ ಕೊಡುತ್ತೆ, ಗಂಟೆ ಬೇಕಂದ್ರೆ ಬಾಕ್ಸ್-ಮುಲ್ಲರ್ ನಾವೇ ಬರೀಬೇಕು. ಪೈಥಾನ್‌ನಲ್ಲಿ ‘ರ‍್ಯಾಂಡಮ್ ಡಾಟ್ ಗಾಸ್’ ಅಂತ ಬರೆದು, ಬ್ರಾಕೆಟ್ಟಿನಲ್ಲಿ 0 ಕಾಮ 1 ಹಾಕಿದರೆ ಮುಗೀತು. ಒಳಗೆ ಸಮಪಾಲಿನ ನಂಬರು ಹುಟ್ಟಿಸೋದು 1998ರಲ್ಲಿ ಜಪಾನಿನ ಮತ್ಸುಮೊಟೊ, ನಿಶಿಮುರ ಪ್ರಕಟಿಸಿದ ಮರ್ಸೆನ್ ಟ್ವಿಸ್ಟರ್ ಅನ್ನೋ ವಿಧಾನ. ಶುರುವಿಗೆ ಕೊಡೋ ಸಂಖ್ಯೆಗೆ ‘ಸೀಡ್’ ಅಂತಾರೆ, ಬೀಜ. ಅದೇ ಬೀಜ ಕೊಟ್ಟರೆ ಅದೇ ಬೆಳೆ, ಎಷ್ಟು ಸಲ ಓಡಿಸಿದರೂ ಅವೇ ನಂಬರು.

ಬ್ರಾಕೆಟ್ಟಿನ ಎರಡು ಸಂಖ್ಯೆ ನೋಡಿ. ಮೊದಲನೆಯದು ಸರಾಸರಿ, ಎರಡನೆಯದು ಹರಡುವಿಕೆ. ಎರಡನ್ನೂ ಹಾಕೋದು ಮನುಷ್ಯ. ಯಂತ್ರಕ್ಕೆ ನಿಸರ್ಗವೂ ಗೊತ್ತಿಲ್ಲ, ಪ್ರತಿಭೆಯೂ ಗೊತ್ತಿಲ್ಲ.

*ಬೀಜಕ್ಕೆ ದಾರ ಕಟ್ಟಿದರೆ*

ಈಗ ಹತ್ತು ಬೀಜಕ್ಕೆ ವಾಪಸ್ ಬನ್ನಿ. ಒಂದೊಂದು ಬೀಜಕ್ಕೆ ಒಂದೊಂದು ಹೆಸರು ಕೊಡಿ: ಮನೆಯಲ್ಲಿ ಓದೋಕೆ ಜಾಗ, ಒಳ್ಳೆ ಶಾಲೆ, ಟ್ಯೂಷನ್, ಇಂಗ್ಲಿಷ್, ಗೊತ್ತಿರೋರ ಶಿಫಾರಸು. ಇವು ಐದು. ಮಿಕ್ಕ ಐದು: ಆರೋಗ್ಯ, ಆಸಕ್ತಿ, ಪರೀಕ್ಷೆ ದಿನದ ಮನಸ್ಸು, ಬಂದ ಪ್ರಶ್ನೆ, ಅದೃಷ್ಟ. ಹತ್ತೂ ಬಿಡಿಯಾಗಿ ಬಿದ್ರೆ 1,024ರಲ್ಲಿ 252 ಸಲ ನಡುವಿನ 5 ಬರುತ್ತೆ ಅಂತ ಆಗಲೇ ನೋಡಿದ್ವಿ.

ಈಗ ಮೊದಲ ಐದು ಬೀಜವನ್ನ ಒಂದೇ ದಾರಕ್ಕೆ ಕಟ್ಟಿ. ಬಿದ್ರೆ ಐದೂ ಬಿಳಿ, ಇಲ್ಲ ಐದೂ ಕಪ್ಪು. ಹುಟ್ಟಿದ ಮನೆಯೇ ಆ ದಾರ. ಸ್ಕ್ರಿಪ್ಟಿನಲ್ಲಿ ಒಂದೇ ಸಾಲು ಬದಲಾಯಿಸಿದರೆ ಆಯ್ತು. ಏನಾಗುತ್ತೆ ಗೊತ್ತಾ? ಸರಾಸರಿ ಆಗಲೂ 5, ಈಗಲೂ 5. ಆದ್ರೆ 5 ಬರೋದು 1,024ಕ್ಕೆ 32 ಸಲ ಮಾತ್ರ. ಒಂದು ಗಂಟೆ ಹೋಗಿ ಎರಡು ಗುಡ್ಡ ಎದ್ದು ನಿಲ್ಲುತ್ತೆ, ಒಂದು 2-3ರ ಹತ್ತಿರ, ಇನ್ನೊಂದು 7-8ರ ಹತ್ತಿರ. ನಡುವೆ ಹಳ್ಳ.

ಊರು ಒಂದು ಗುಡ್ಡ, ಕೇರಿ ಒಂದು ಗುಡ್ಡ. ಬೀಜಗಳಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ, ವ್ಯತ್ಯಾಸ ಮಾಡಿದ್ದು ದಾರ.

ಆದ್ದರಿಂದ ‘ಪ್ರತಿಭೆ ಬೆಲ್ ಕರ್ವ್‌ನಂತೆ ಹಂಚಿದೆ’ ಅಂತ ಯಾರಾದ್ರೂ ಹೇಳಿದರೆ ಸಿಟ್ಟಾಗಬೇಡಿ. ಒಂದು ಪ್ರಶ್ನೆ ಕೇಳಿ: ‘ಸ್ವಾಮಿ, ಬೀಜಕ್ಕೆ ಕಟ್ಟಿದ ದಾರ ಬಿಚ್ಚಿದ್ದೀರಾ?’ ಮೀಸಲಾತಿ, ಹಾಸ್ಟೆಲ್, ಸ್ಕಾಲರ್‌ಶಿಪ್ ಎಲ್ಲ ಆ ದಾರ ಬಿಚ್ಚೋ ಕೆಲಸಗಳು. ಅವು ನಿಮ್ಮ ಬೆಲ್ ಕರ್ವಿಗೆ ಅಡ್ಡ ಬರಲ್ಲ. ಬೆಲ್ ಕರ್ವ್ ಬರಬೇಕಾದ್ರೆ ಮೊದಲು ಅವೇ ಆಗಬೇಕು.

*ಎಂಟು ಜನರ ಟೀಮು*

ಕೊನೆಗೆ ಅಪ್ರೈಸಲ್. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜ್ಯಾಕ್ ವೆಲ್ಶ್ ನೌಕರರನ್ನ 20, 70, 10 ಅಂತ ಭಾಗ ಮಾಡಿ ಕೆಳಗಿನ ಶೇಕಡ 10 ಜನರನ್ನ ಹೊರಗೆ ಹಾಕೋ ಪದ್ಧತಿಗೆ ಹೆಸರಾದ. ಪ್ರಪಂಚದ ಎಷ್ಟೋ ಕಂಪನಿಗಳು ಅದನ್ನ ಕಾಪಿ ಹೊಡೆದವು. ಮೈಕ್ರೋಸಾಫ್ಟ್ ಇಂಥ ಪದ್ಧತಿಯನ್ನ 2013ರಲ್ಲಿ ಕೈಬಿಟ್ಟಿತು. ಆದರೂ ಎಷ್ಟೋ ಕಡೆ ಮ್ಯಾನೇಜರಿಗೆ ಇವತ್ತೂ ಹೇಳ್ತಾರೆ: ನಿನ್ನ ಟೀಮಲ್ಲಿ ಎಂಟು ಜನ ಇದ್ದಾರೆ, ಒಬ್ಬನನ್ನ ಕೆಳಗೆ ಹಾಕಲೇಬೇಕು, ಬೆಲ್ ಕರ್ವ್ ಹಾಗೆ ಹೇಳುತ್ತೆ.

ಹೇಳುತ್ತಾ? ಪರೀಕ್ಷೆ ಮಾಡೋಣ. ದಾರ ಇಲ್ಲ, ಜಾತಿ ಇಲ್ಲ, ಎಲ್ಲ ಸರಿಯಾಗಿರೋ ಪ್ರಪಂಚ ಅಂತಲೇ ಇಟ್ಕೊಳ್ಳೋಣ. ಪೈಥಾನ್‌ನಲ್ಲಿ ಗಾಸ್ ಫಂಕ್ಷನ್ನಿನಿಂದ ಎಂಟು ನಂಬರು ತೆಗೆಯಿರಿ. ಅದು ಒಂದು ಟೀಮು. ಕೆಳಗಿನ ಶೇಕಡ 10ರ ಗಡಿ -1.28. ಎಂಟರಲ್ಲಿ ಯಾರಾದ್ರೂ ಆ ಗಡಿಗಿಂತ ಕೆಳಗಿದ್ದಾರಾ ನೋಡಿ. ಹೀಗೆ 10,000 ಟೀಮು ಮಾಡಿ. ಸುಮಾರು 4,300 ಟೀಮುಗಳಲ್ಲಿ ಕೆಳಗೆ ಬಿದ್ದವರು ಒಬ್ಬರೂ ಇರಲ್ಲ! ಕಂಪ್ಯೂಟರ್ ಇಲ್ಲದೆ ಕ್ಯಾಲ್ಕುಲೇಟರಿನಲ್ಲೂ ನೋಡಬಹುದು: 0.9ನ್ನ ಎಂಟು ಸಲ ಗುಣಿಸಿ, 0.43 ಬರುತ್ತೆ.

ಅಂದ್ರೆ ಬೆಲ್ ಕರ್ವ್ ನಂಬಿದರೂ ನೂರಕ್ಕೆ 43 ಟೀಮುಗಳಲ್ಲಿ ಬಲಿ ಕೊಡೋಕೆ ಯಾರೂ ಇರಲ್ಲ. ಆದರೂ ಒಬ್ಬರನ್ನ ಹುಡುಕಲೇಬೇಕು ಅಂದಾಗ ಮ್ಯಾನೇಜರಿನ ಕಣ್ಣು ಯಾರ ಮೇಲೆ ಬೀಳುತ್ತೆ? ಜೊತೆಗೆ ಊಟಕ್ಕೆ ಕೂರದವನ ಮೇಲೆ, ಇಂಗ್ಲಿಷ್ ತಡವರಿಸೋಳ ಮೇಲೆ, ‘ನಮ್ಮವನು’ ಅಂತ ಹೇಳೋಕೆ ಯಾರೂ ಇಲ್ಲದವನ ಮೇಲೆ. ಗಣಿತ ಬೇಡ ಅಂದ ಕಡೆ ಮನುಷ್ಯನ ಇಷ್ಟ ಕೆಲಸ ಮಾಡುತ್ತೆ, ಹೆಸರು ಮಾತ್ರ ಗಣಿತದ್ದು. ಇನ್ನು ಆ ಕಟ್ಟಡಗಳ ಶೌಚಾಲಯ ತೊಳೆಯೋ ನಮ್ಮ ಅಕ್ಕಂದಿರು ಗುತ್ತಿಗೆಯವರು, ಅವರಿಗೆ ಅಪ್ರೈಸಲ್ಲೇ ಇಲ್ಲ. ಮೇಲಿನ ತುದಿಯೂ ಇಲ್ಲ, ನಡುವೂ ಇಲ್ಲ.

ಕಂಪನಿಯಲ್ಲಿ ಕೆಲಸ ಮಾಡೋ ತಮ್ಮಂದಿರೇ, ತಂಗಿಯರೇ, ಈ ಎಂಟು ಜನರ ಲೆಕ್ಕವನ್ನ ನೀವೇ ಓಡಿಸಿ ನೋಡಿ. ಹತ್ತು ಸಾಲು ಕೂಡ ಆಗಲ್ಲ. ಸೀಡ್ ಒಂದು ಬರೆದಿಟ್ಕೊಳ್ಳಿ, ಯಾರು ಓಡಿಸಿದರೂ ಅದೇ ಉತ್ತರ ಬರಲಿ. ಮುಂದಿನ ಸಲ ‘ಬೆಲ್ ಕರ್ವ್ ಹೇಳ್ತು’ ಅಂದಾಗ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿ. ಬಾಬಾಸಾಹೇಬರು ಮೂಗಿನ ಅಳತೆಯ ಅಂಕಿಗಳನ್ನ ಮೇಜಿನ ಮೇಲಿಟ್ಟ ಹಾಗೆ.

ಓಡಿಸಿದವರು ನಿಮಗೆ ಎಷ್ಟು ಬಂತು ಅಂತ ಕೆಳಗೆ ಬರೀರಿ. 4,300ರ ಆಸುಪಾಸು ಬರುತ್ತೆ, ನೋಡ್ತಾ ಇರಿ.

ಜೈ ಭೀಮ್.